ಮಗುವಿನ ಮೊಣಕೈ ಮುರಿದರೆ ಮೊದಲು ಬೆರಳು ನೋಡಿ

ಸೀಬೆ ಮರದಿಂದಲೋ ಜಾರುಬಂಡೆಯಿಂದಲೋ ಬೀಳುವ ಮಗು ಕೈಯೂರಿಯೇ ಬೀಳುತ್ತದೆ. ಆಗ ಮೊಣಕೈಗಿಂತ ತುಸು ಮೇಲೆ, ತೋಳಿನ ಮೂಳೆ ತೆಳ್ಳಗಿರುವ ಕಡೆ ಮುರಿಯುತ್ತದೆ. ಮಕ್ಕಳ ಮೊಣಕೈ ಮುರಿತಗಳಲ್ಲಿ ಇದೇ ಹೆಚ್ಚು. 5ರಿಂದ 7 ವರ್ಷದವರಲ್ಲಂತೂ ಸಾಮಾನ್ಯ. ವೈದ್ಯರ ಬಾಯಲ್ಲಿ ಇದು ಸುಪ್ರಾಕಾಂಡೈಲರ್ ಫ್ರ್ಯಾಕ್ಚರ್.

ಕೈ ಎಳೆದು ನೆಟ್ಟಗೆ ಮಾಡಲು ಹೋಗಬೇಡಿ. ಎಣ್ಣೆ ಹಚ್ಚಿ ನೀವುವುದು ಬೇಡವೇ ಬೇಡ. ಕೈ ಇದ್ದ ಹಾಗೆಯೇ ಇರಲಿ. ಮಡಚಿದ ದಿನಪತ್ರಿಕೆಯ ಆಸರೆ ಕೊಟ್ಟು ದುಪಟ್ಟಾದಿಂದ ಸಡಿಲವಾಗಿ ಕಟ್ಟಿ. ಊತ ಏರುವ ಮುನ್ನ ಬಳೆ, ಕೈದಾರ ತೆಗೆದುಬಿಡಿ. ಅಳುವ ಮಗುವಿಗೆ ದಾರಿಯಲ್ಲಿ ಹಾಲು, ಬಿಸ್ಕತ್ತು ಕೊಡಬೇಡಿ. ಅರಿವಳಿಕೆಗೆ ಹೊಟ್ಟೆ ಖಾಲಿಯಿರಬೇಕು.

ಈಗ ಬೆರಳು. ಮುರಿದ ಮೂಳೆಯ ಚೂಪು ತುದಿ ಅದರ ಮುಂದೆಯೇ ಹಾಯುವ ರಕ್ತನಾಳವನ್ನೂ ನರವನ್ನೂ ಒತ್ತಬಹುದು. ಉಗುರು ಒತ್ತಿ ಬಿಡಿ. ಬಿಳಿಚಿದ್ದು ಸುಮಾರು ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಹೆಬ್ಬೆರಳು, ತೋರುಬೆರಳಿನ ತುದಿ ಕೂಡಿಸಿ ದುಂಡನೆ ಉಂಗುರ ಮಾಡಿಸಿ. ತುದಿಗಳು ಮಡಚದೆ ಚಪ್ಪಟೆಯಾಗಿ ತಗುಲಿದರೆ ನರಕ್ಕೆ ಪೆಟ್ಟಾಗಿರಬಹುದು. ಕೈ ತಣ್ಣಗೆ, ಬೆಳ್ಳಗೆ ಆಗಿದ್ದರೆ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೇ ನೇರ ಓಡಿ.

ಎಕ್ಸ್‌ರೇ ನೋಡಿ ವೈದ್ಯರು ಮೂರು ಹಂತ ಗುರುತಿಸುತ್ತಾರೆ. 1959ರಲ್ಲಿ ಗಾರ್ಟ್‌ಲ್ಯಾಂಡ್ ಎಂಬ ಮೂಳೆವೈದ್ಯ ಮಾಡಿದ ವಿಂಗಡಣೆ ಇದು. ಮೂಳೆ ಕದಲದಿದ್ದರೆ ಮೂರು-ನಾಲ್ಕು ವಾರ ಪಟ್ಟಿ ಸಾಕು. ಬಾಗಿದ್ದರೆ ಬಾಗಿದಷ್ಟು ನೋಡಿ ತೀರ್ಮಾನ. ಪೂರ್ತಿ ಸರಿದಿದ್ದರೆ ಅರಿವಳಿಕೆ ಕೊಟ್ಟು, ಮೂಳೆ ಕೂರಿಸಿ, ಚರ್ಮದ ಮೂಲಕವೇ ಸಣ್ಣ ತಂತಿ ಚುಚ್ಚಿ ನಿಲ್ಲಿಸುತ್ತಾರೆ. ತಂತಿಯೆಂದರೆ ತಂದೆತಾಯಿ ಬೆಚ್ಚುತ್ತಾರೆ. ಮೂರು-ನಾಲ್ಕು ವಾರಕ್ಕೆ ಅದನ್ನು ಎಳೆದು ತೆಗೆದರಾಯಿತು.

ಮಕ್ಕಳ ಈ ಮೂಳೆ ಯಾರು ಕಟ್ಟಿದರೂ ಕೂಡಿಕೊಳ್ಳುತ್ತದೆ. ನಾಟಿ ಕಟ್ಟಿಗೆ ಹೆಸರು ಬಂದಿದ್ದೇ ಹಾಗೆ. ಸೊಟ್ಟ ಕೂಡಿದರೆ ಮಾತ್ರ ತಾನಾಗಿ ನೇರವಾಗುವುದು ಕಷ್ಟ, ಏಕೆಂದರೆ ತೋಳಿನ ಮೂಳೆಯ ಬೆಳವಣಿಗೆಯಲ್ಲಿ ಮೊಣಕೈ ತುದಿಯ ಪಾಲು ಸುಮಾರು ಶೇ 20 ಅಷ್ಟೇ. ಬಿದಿರ ದಬ್ಬೆಯ ಬಿಗಿಕಟ್ಟಿನಲ್ಲಿ ಇನ್ನೂ ದೊಡ್ಡ ಅಪಾಯವಿದೆ: ಊದಿದ ಸ್ನಾಯುವಿಗೆ ರಕ್ತ ಹರಿಯುವುದೇ ನಿಂತು, ಬೆರಳು ಶಾಶ್ವತವಾಗಿ ಮುರುಟಿಹೋಗಬಹುದು. ಆಸ್ಪತ್ರೆಯ ಪಟ್ಟಿಯೂ ಇದಕ್ಕೆ ಹೊರತಲ್ಲ. ಔಷಧಿಗೂ ಬಗ್ಗದೆ ನೋವು ಏರಿದರೆ, ಬೆರಳು ಬಿಡಿಸಿದಾಗ ಮಗು ಚೀರಿದರೆ, ಅರ್ಧರಾತ್ರಿಯಾದರೂ ಹೊರಡಿ.

ಪಟ್ಟಿ ಬಿಚ್ಚಿದಾಗ ಮೊಣಕೈ ಬಿಗಿದಿರುತ್ತದೆ. ಬಕೆಟ್ ಹೊರಿಸಿ ಕೈ ನೆಟ್ಟಗೆ ಮಾಡಿಸಿ ಎನ್ನುವ ನೆರೆಹೊರೆಯವರಿಗೆ ಕಿವಿಗೊಡಬೇಡಿ. ಬಲವಂತಕ್ಕೆ ಬಿಗಿತ ಹೆಚ್ಚುತ್ತದೆ. ಊಟ, ಸ್ನಾನ, ಆಟದಲ್ಲಿ ಮಗು ತಾನೇ ಕೈ ಆಡಿಸಲಿ; ಪೂರ್ತಿ ಸಡಿಲಾಗಲು ಕೆಲವು ತಿಂಗಳು ಹಿಡಿಯಬಹುದು.