ರಾಕ್ ಕೇಳಿ ಮಾತಿಗೆ ಕೂರುವುದು ಹೇಗೆ

ಪತ್ತನಾಜೆ, ಅಂದರೆ ಮೇ ಕೊನೆಗೆ ತುಳುನಾಡಿನ ಆಟ, ಕೋಲಗಳ ಋತು ಮುಗಿಯುವ ದಿನ, ಕಳೆದರೆ ನಮ್ಮಂಥ ಸೌಂಡ್ ಸಿಸ್ಟಮಿನವರಿಗೆ ಕೆಲಸ ಕಡಿಮೆ. ಯಕ್ಷಗಾನದ ಆಟವೂ ಇಲ್ಲ, ಭೂತಕೋಲವೂ ಇಲ್ಲ. ಆ ಮಳೆಗಾಲದ ಶನಿವಾರಗಳಲ್ಲಿ ಮಂಗಳೂರಿನ ಬಿಜೈಯ ನನ್ನ ಗೋಡೌನಿನ ಮೇಲಿನ ಕೋಣೆಯಲ್ಲಿ ಐದಾರು ಮಂದಿ ಸೇರಿ ರಾಕ್ ಕೇಳುತ್ತೇವೆ. ಮೊದಲ ವರ್ಷ ನಮ್ಮ ಚರ್ಚೆ ‘ಸೂಪರ್’, ‘ಬೋರು’ ಎಂಬ ಎರಡು ಶಬ್ದದಲ್ಲಿ ಮುಗಿಯುತ್ತಿತ್ತು. ಈಗ ಒಂದು ಹಾಡಿಗೆ ಒಂದು ಗಂಟೆ ಸಾಲುವುದಿಲ್ಲ. ನೀವೂ ಸೇರುವುದಾದರೆ ಹೀಗೆ ಮಾಡಿ ನೋಡಿ.

ಮೊಬೈಲಿನ ಸ್ಪೀಕರಿನಲ್ಲಿ ಕೇಳಿ ಬಂದವರ ಅಭಿಪ್ರಾಯ ತೆಗೆದುಕೊಳ್ಳಬೇಡಿ. ಬೇಸ್ ಗಿಟಾರಿನ ದಪ್ಪ ತಂತಿಯ ಸ್ವರ ಸುಮಾರು 41 ಹರ್ಟ್ಸ್. ಅಷ್ಟು ಕೆಳಗೆ ಇಳಿಯುವ ಶಕ್ತಿ ಆ ಪುಟ್ಟ ಸ್ಪೀಕರಿಗೆ ಇಲ್ಲ. ದೊಡ್ಡ ಬಾಕ್ಸ್ ಬೇಕೆಂದಿಲ್ಲ, ಸಾಧಾರಣ ಹೆಡ್‌ಫೋನ್ ಆದರೂ ಸಾಕು. ಹಾಡನ್ನು ಎರಡು ಸಲ ಹಾಕಿ. ಮೊದಲ ಸಲ ಯಾರೂ ಬಾಯಿ ಬಿಡಬಾರದು. ಎರಡನೇ ಸಲ ಒಬ್ಬೊಬ್ಬರು ಒಂದೊಂದು ವಾದ್ಯದ ಹಿಂದೆ ಹೋಗಿ.

ಆಮೇಲೆ ‘ಹೇಗಿತ್ತು?’ ಎಂದು ಕೇಳಬೇಡಿ, ‘ಕಿವಿ ಎಲ್ಲಿ ನಿಂತಿತು?’ ಎಂದು ಕೇಳಿ. ಯಕ್ಷಗಾನ ನೋಡಿ ಬಂದವರು ಭಾಗವತರು ಯಾವ ಪದ್ಯವನ್ನು ಎಲ್ಲಿ ಎತ್ತಿದರು, ಚೆಂಡೆಯವರು ಎಲ್ಲಿ ಬಿಟ್ಟುಕೊಟ್ಟರು ಎಂದು ಬೆಳಿಗ್ಗೆ ಚಹಾದ ಅಂಗಡಿಯಲ್ಲಿ ಬಿಡಿಸಿ ಹೇಳುತ್ತಾರಲ್ಲ, ಅದೇ ಕಿವಿ ಡ್ರಮ್ಸಿಗೂ ಸಾಕು.

ವಿಮರ್ಶೆಯನ್ನು ಕೇಳಿದ ಮೇಲೆಯೇ ಓದಿ. ನಕ್ಷತ್ರ, ಅಂಕಗಳನ್ನು ಬಿಟ್ಟು, ವಿಮರ್ಶಕನಿಗೆ ಏನು ಕೇಳಿಸಿತು ಎಂಬುದನ್ನು ಹುಡುಕಿ. 1969ರಲ್ಲಿ ಇಂಗ್ಲೆಂಡಿನ ರಾಕ್ ಬ್ಯಾಂಡ್ ಲೆಡ್ ಜೆಪ್ಪೆಲಿನ್‌ನ ಮೊದಲ ಆಲ್ಬಂ ಬಂದಾಗ ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆ ಅದನ್ನು ಮೆಚ್ಚಲಿಲ್ಲ. ಅಲ್ಲಿಯದೇ ಇನ್ನೊಂದು ಬ್ಯಾಂಡ್ ಜೆಫ್ ಬೆಕ್ ಗ್ರೂಪ್ ಆಗಲೇ ಮಾಡಿದ್ದಕ್ಕಿಂತ ಇದರಲ್ಲಿ ಹೆಚ್ಚೇನಿಲ್ಲ ಎಂಬುದು ಅದರ ದೂರು. ಕಾಲ ಆ ತೀರ್ಪನ್ನು ಒಪ್ಪಲಿಲ್ಲ. ಆದರೆ ಆ ದೂರಿನ ದೆಸೆಯಿಂದಲೇ ನಾವು ಎರಡೂ ಬ್ಯಾಂಡುಗಳು ಹಾಡಿದ ‘ಯು ಶುಕ್ ಮಿ’ಯನ್ನು ಒಂದರ ಬೆನ್ನಿಗೆ ಒಂದು ಹಾಕಿ ಕೇಳಿದೆವು. ನಮಗೆ ಅದಕ್ಕಿಂತ ಒಳ್ಳೆಯ ಪಾಠ ಬೇರೆ ಸಿಕ್ಕಿಲ್ಲ. ತಪ್ಪು ಹೇಳಿದ ವಿಮರ್ಶಕನಿಂದಲೂ ಕಿವಿಗೆ ಕೆಲಸ ಸಿಗುತ್ತದೆ.

ಮಾತು ಜಗಳದ ಕಡೆ ತಿರುಗಿದರೆ, ವೇಷ ಕುಣಿತ ಇಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯ ದಾರಿ ಹಿಡಿಯಿರಿ. ಅಲ್ಲಿ ಇವತ್ತು ಕರ್ಣನಾಗಿ ಅರ್ಥ (ಪಾತ್ರದ ಮಾತು) ಹೇಳಿದವರು ನಾಳೆ ಅರ್ಜುನನ ಪರವಾಗಿ ಅಷ್ಟೇ ಗಟ್ಟಿಯಾಗಿ ನಿಲ್ಲುತ್ತಾರೆ. ನಮ್ಮಲ್ಲೂ ಹಾಡು ಇಷ್ಟವಾದವರು ವಿರುದ್ಧ ಮಾತಾಡಬೇಕು, ಇಷ್ಟವಾಗದವರು ಪರ ವಹಿಸಬೇಕು, ಹತ್ತು ಹತ್ತು ನಿಮಿಷ.

ದೆಹಲಿಯ ಬ್ಲಡಿವುಡ್ ಬ್ಯಾಂಡಿನ 2022ರ ‘ರಕ್ಷಕ್’ ಆಲ್ಬಂ ಹಾಕಿದ ರಾತ್ರಿ ಪರ ವಹಿಸುವ ಸರದಿ ನನ್ನದು. ಮೆಟಲ್ ಗಿಟಾರಿನ ಗದ್ದಲ ನನಗೆ ಹಿಡಿಸಿರಲಿಲ್ಲ. ಒಳ್ಳೆಯದನ್ನು ಹೇಳಲೇಬೇಕೆಂದು ಹುಡುಕುತ್ತ ಹೋದಾಗ ಆ ಗದ್ದಲದ ಒಳಗೆ ಢೋಲ್ ಬಿಡಿಬಿಡಿಯಾಗಿ ಕೇಳಿಸತೊಡಗಿತು. ಅದನ್ನು ಹಾಗೆ ಉಳಿಸಿಕೊಳ್ಳುವುದು ಮಿಕ್ಸಿಂಗಿನಲ್ಲಿ ಎಷ್ಟು ಕಷ್ಟ ಎಂದು ನನಗೆ ಗೊತ್ತುಂಟು. ನಮ್ಮ ಗುಂಪಿನ ಚೆಂಡೆಯವರು ಆಲ್ಬಂ ಮೆಚ್ಚಿದವರು, ವಿರುದ್ಧ ಮಾತಾಡಬೇಕಾಯಿತು. “ಢೋಲ್ ಗಿಟಾರಿನ ಬೆನ್ನಿಗೇ ಹೋಗ್ತದೆ ಮಾರಾಯ್ರೆ, ಒಮ್ಮೆಯಾದರೂ ಎದುರು ನಿಲ್ಲಬೇಕಿತ್ತು” ಎಂದರು. ಹೇಳಿ ಮುಗಿಸಿ, ಅದು ನಿಜವೋ ನೋಡುವ ಎಂದು ಮೂರನೇ ಸಲ ಹಾಕಿಸಿದರು.