ಎ.ಡಿ. ಕಾರ್ಡ್ ಬಂತು, ಲಗ್ನಪತ್ರಿಕೆ ಬರಲಿಲ್ಲ

2022ರ ಜೂನ್ ತಿಂಗಳು. ಅರಸೀಕೆರೆಯ ಅಂಚೆ ಕೌಂಟರಿನಲ್ಲಿ ಒಂದು ಕಂದು ಲಕೋಟೆ ಕೊಟ್ಟು ಬಂದೆ. ಒಳಗೆ ಅಮ್ಮನ ಮೂಲ ದಾಖಲೆಗಳಿದ್ದವು. ರಿಜಿಸ್ಟರ್ ಮಾಡಿಸಿದ್ದೆ, ತಲುಪಿದ್ದಕ್ಕೆ ಸಹಿಯಾಗಿ ವಾಪಸ್ ಬರುವ ಎ.ಡಿ. ಕಾರ್ಡ್ ಅಂಟಿಸಿದ್ದೆ, ಮಳೆಗಾಲ ಅಂತ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದೆ. ನನ್ನಷ್ಟು ಜಾಗ್ರತೆ ಯಾರು ಮಾಡುತ್ತಾರೆ ಅಂತ ಸ್ವಲ್ಪ ಜಂಬವೂ ಇತ್ತು.

ಅಪ್ಪ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಪಿಂಚಣಿ ಅಮ್ಮನ ಹೆಸರಿಗೆ ಬರಬೇಕಿತ್ತು. ತೊಡಕು ಹೆಸರಿನದೇ. ಅಪ್ಪನ ಪಿಂಚಣಿ ಪುಸ್ತಕದಲ್ಲಿ ಅಮ್ಮನ ತವರಿನ ಹೆಸರಿದೆ. ಆಧಾರ್ ಮತ್ತು ವೋಟರ್ ಕಾರ್ಡಿನಲ್ಲಿ ಮದುವೆಯಾದ ಮೇಲೆ ಇಟ್ಟ ಹೆಸರು. ಇಬ್ಬರೂ ಒಬ್ಬರೇ ಅಂತ ತೋರಿಸಿ ಎಂದು ಬೆಂಗಳೂರಿನ ಒಂದು ಕಚೇರಿಯಿಂದ ಪತ್ರ ಬಂತು. ಯಾವ ಕಚೇರಿ ಅನ್ನೋದು ಬೇಡ. ಪತ್ರದಲ್ಲಿ 'ಮೂಲ ದಾಖಲೆಗಳೊಂದಿಗೆ' ಎಂಬ ಪದ ಇತ್ತು. ಆ ಒಂದು ಪದ ನನ್ನನ್ನು ಅಂಚೆ ಕಚೇರಿಗೆ ಓಡಿಸಿತು.

ಕಳಿಸಿದ್ದು ಐದು ಕಾಗದ. ತವರಿನ ಹೆಸರಿದ್ದ ಅಮ್ಮನ ಶಾಲೆಯ ಟಿ.ಸಿ., ವೋಟರ್ ಕಾರ್ಡ್, ಅಪ್ಪನ ಮರಣ ಪ್ರಮಾಣಪತ್ರ, ಆಧಾರ್ ಜೆರಾಕ್ಸ್. ಐದನೆಯದು ಲಗ್ನಪತ್ರಿಕೆ. ನಾಲ್ಕು ಮೂಲೆಗೂ ಹಚ್ಚಿದ್ದ ಅರಿಶಿನ ಕಂದು ಬಣ್ಣಕ್ಕೆ ತಿರುಗಿತ್ತು. 'ಚಿ. ಸೌ.' ಅಂತ ಅಮ್ಮನ ಹಳೇ ಹೆಸರು, ಪಕ್ಕದಲ್ಲೇ ಅಪ್ಪನ ಹೆಸರು. ಎರಡು ಹೆಸರನ್ನು ಜೋಡಿಸುವ ಸಾಕ್ಷಿ ಅದೊಂದೇ ಆಗಿತ್ತು. ಆಗಿನ ಕಾಲದಲ್ಲಿ ಮದುವೆ ರಿಜಿಸ್ಟರ್ ಮಾಡಿಸುವವರು ನಮ್ಮ ಕಡೆ ಯಾರಿದ್ದರು?

ಎಂಟು ದಿನಕ್ಕೆ ಎ.ಡಿ. ಕಾರ್ಡ್ ವಾಪಸ್ ಬಂತು. ಮೇಲೆ ದುಂಡು ಸೀಲು, ಒಂದು ಗೀಚು ಸಹಿ. ತಲುಪಿತು ಅಂತ ನೆಮ್ಮದಿಯಾಯಿತು. ಎರಡು ತಿಂಗಳು ಕಾದೆ. ಫೋನ್ ಮಾಡಿದರೆ, "ನಿಮ್ಮ ದಾಖಲೆ ಬಂದಿಲ್ಲವಲ್ಲ ಸಾರ್, ಇನ್ನೊಮ್ಮೆ ಕಳಿಸಿ" ಅಂದರು. ಇನ್ನೊಮ್ಮೆ ಕಳಿಸಲು ಲಗ್ನಪತ್ರಿಕೆ ಎಲ್ಲಿಂದ ತರಲಿ?

ಬೆಳಗಿನ ರೈಲು ಹಿಡಿದು ನಾನೇ ಹೋದೆ. ಹೋಗಿದ್ದಕ್ಕೆ ಒಂದು ವಿಷಯ ಅರ್ಥವಾಯಿತು. ಅಲ್ಲಿಯವರೆಗೆ ನನ್ನ ಭಯವೆಲ್ಲ ದಾರಿಯ ಮೇಲಿತ್ತು. ಅರಸೀಕೆರೆಯಿಂದ ಬೆಂಗಳೂರಿನವರೆಗೆ ಚೀಲ ಎಲ್ಲಿ ಬೀಳುತ್ತದೋ, ಎಲ್ಲಿ ನೆನೆಯುತ್ತದೋ ಅಂತ. ಅಂಚೆಯವರು ತಮ್ಮ ಕೆಲಸವನ್ನು ಸರಿಯಾಗೇ ಮಾಡಿದ್ದರು. ಕಾಗದಗಳು ಕಳೆದದ್ದು ಆ ಕಟ್ಟಡದ ಒಳಗೆ, ಟಪಾಲು ಶಾಖೆಗೂ ಕೇಸ್ ವರ್ಕರ್ ಮೇಜಿಗೂ ನಡುವಿನ ನಲವತ್ತು ಹೆಜ್ಜೆಯಲ್ಲಿ.

ಟಪಾಲು ಶಾಖೆಯ ಬೆಂಚಿನಲ್ಲಿ ಅರ್ಧ ದಿನ ಕೂತು ನೋಡಿದೆ. ಪೋಸ್ಟ್‌ಮ್ಯಾನ್ ಒಂದು ಕಟ್ಟು ತಂದು ಇಡುತ್ತಾರೆ. ಇಲ್ಲಿಯವರು ಎಣಿಸಿ ಸಹಿ ಮಾಡುತ್ತಾರೆ. ಎಣಿಸುವುದು ಲಕೋಟೆಗಳನ್ನು, ಒಳಗಿನ ಕಾಗದಗಳನ್ನಲ್ಲ. ಆಮೇಲೆ ಒಂದೊಂದೇ ಕತ್ತರಿಸಿ, ಮೇಲಿನ ಪತ್ರಕ್ಕೆ ಸೀಲು ಒತ್ತಿ, ಆವಕ ವಹಿಯಲ್ಲಿ ಒಂದು ಸಾಲು ಬರೆಯುತ್ತಾರೆ. 'ಅರ್ಜಿ, ಲಗತ್ತುಗಳೊಂದಿಗೆ.' ಎಷ್ಟು ಲಗತ್ತು, ಮೂಲವೋ ನಕಲೋ, ಅದ್ಯಾವುದೂ ಅಲ್ಲಿಲ್ಲ. ಬರೆಯುವವರನ್ನು ಬೈಯಲೂ ಮನಸ್ಸಾಗಲಿಲ್ಲ. ಇಬ್ಬರೇ ಇದ್ದರು, ಮೇಜಿನ ಮೇಲೆ ಗುಡ್ಡದಷ್ಟು ಟಪಾಲು. ಎ.ಡಿ. ಕಾರ್ಡಿನ ಆ ಸಹಿಗೆ ಇಷ್ಟೇ ಅರ್ಥ: ಒಂದು ಲಕೋಟೆ ಬಂತು.

ಕೇಸ್ ವರ್ಕರ್ ಮೇಡಂ ಒಳ್ಳೆಯವರೇ. ಫೈಲು ತೆಗೆದು ತೋರಿಸಿದರು. ನನ್ನ ಕವರಿಂಗ್ ಲೆಟರ್ ಇತ್ತು. ಅದರ ಹಿಂದೆ ಏನೂ ಇರಲಿಲ್ಲ. "ನನ್ನ ಟೇಬಲ್‌ಗೆ ಇಷ್ಟೇ ಬಂದಿದ್ದು" ಅಂದರು. ಆ ಪತ್ರದಲ್ಲಿ ನಾನೇ ಬರೆದಿದ್ದ ಸಾಲು ನನ್ನನ್ನು ಅಣಕಿಸಿತು: 'ಸಂಬಂಧಪಟ್ಟ ದಾಖಲೆಗಳನ್ನು ಲಗತ್ತಿಸಿದ್ದೇನೆ.' ಯಾವ ದಾಖಲೆ, ಎಷ್ಟು? ನಾನೂ ಬರೆದಿರಲಿಲ್ಲ.

ಮಾತಿನಲ್ಲಿ ಕೆಲಸ ಆಗಲ್ಲ ಅನ್ನಿಸಿತು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಕೇಳಬೇಕು. ಹಾಗಾಗಿ ಗೋಳು ಹೇಳಿಕೊಳ್ಳಲು ಹೋಗಲಿಲ್ಲ. ಇಂಥ ತಾರೀಕಿನ ಆವಕ ವಹಿಯ ಪುಟದ ನಕಲು ಕೊಡಿ, ನನ್ನ ಪತ್ರವನ್ನು ಯಾವ ದಿನ ಯಾರಿಗೆ ಕೊಟ್ಟಿರಿ ತಿಳಿಸಿ ಅಂತ ಎರಡು ಸಾಲು. ಎ.ಡಿ. ಕಾರ್ಡಿನ ಜೆರಾಕ್ಸ್ ಜೊತೆಗಿಟ್ಟೆ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು ಅಂತ ಕಾನೂನಿದೆ. ನನಗೆ ಇಪ್ಪತ್ತಾರನೇ ದಿನ ಪುಟದ ನಕಲು ಬಂತು.

ಆ ಪುಟ ನೋಡಿದರೆ ಗುಟ್ಟು ಅಲ್ಲೇ ಇತ್ತು. ನನ್ನ ಸಾಲಿನ ಕೆಳಗೇ ಇನ್ನೊಂದು ಊರಿನ ಅರ್ಜಿ, ಅದರಲ್ಲೂ ಅಮ್ಮನದೇ ಹೆಸರು! ಆ ಹೆಸರು ನಮ್ಮಲ್ಲಿ ಕೇರಿಗೆ ನಾಲ್ಕು ಸಿಗುತ್ತದೆ. ಪುಟ ಹಿಡಿದು ಮತ್ತೆ ರೈಲು ಹತ್ತಿದೆ. ಮೇಡಂ ಆ ಇನ್ನೊಂದು ಫೈಲು ತರಿಸಿದರು. ಟಿ.ಸಿ. ಮತ್ತು ಮರಣ ಪ್ರಮಾಣಪತ್ರ ಅದರಲ್ಲಿ ಟ್ಯಾಗ್ ಹಾಕಿಸಿಕೊಂಡು ಕೂತಿದ್ದವು. ವೋಟರ್ ಕಾರ್ಡ್, ಆಧಾರ್ ಜೆರಾಕ್ಸ್, ಲಗ್ನಪತ್ರಿಕೆ ಮಾತ್ರ ಅಲ್ಲೂ ಇರಲಿಲ್ಲ. ಇವತ್ತಿಗೂ ಸಿಕ್ಕಿಲ್ಲ.

ಇಲ್ಲಿ ನನ್ನ ಇನ್ನೊಂದು ಪೆದ್ದುತನ ಹೇಳಬೇಕು. ಆ ಆಧಾರ್ ಜೆರಾಕ್ಸಿನಲ್ಲಿ ಅಮ್ಮನ ಹನ್ನೆರಡು ಅಂಕಿಯೂ ಇತ್ತು. ಮೇಲೆ ಯಾವ ಕೆಲಸಕ್ಕೆ ಅಂತ ಒಂದು ಗೆರೆ ಬರೆದಿರಲಿಲ್ಲ. ಲಕೋಟೆ ಕಳಿಸಿದ್ದಕ್ಕೆ ಕೆಲವೇ ದಿನ ಮುಂಚೆ, ಮೇ 27ಕ್ಕೆ, ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತ್ತು. ಜೆರಾಕ್ಸ್ ಎಲ್ಲೆಂದರಲ್ಲಿ ಕೊಡಬೇಡಿ, ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ ಅಂತ. ಜನ ತಪ್ಪು ತಿಳಿಯಬಹುದು ಅಂತ 29ಕ್ಕೆ ಕೇಂದ್ರ ಸರ್ಕಾರ ಅದನ್ನು ವಾಪಸ್ ಪಡೆಯಿತು. ವಾಪಸ್ ಪಡೆದ ಸುದ್ದಿ ಮಾತ್ರ ನನ್ನ ತಲೆಯಲ್ಲಿ ಉಳಿದಿತ್ತು. ಮಾಸ್ಕ್ಡ್ ಆಧಾರ್ ಅಂತೂ ಆಗಲೂ ಇತ್ತು, ಈಗಲೂ ಇದೆ.

ವೋಟರ್ ಕಾರ್ಡ್ ಮತ್ತೆ ಮಾಡಿಸಿದ್ದು ಅಷ್ಟು ಕಷ್ಟವಾಗಲಿಲ್ಲ. ಪೊಲೀಸರ ಇ-ಲಾಸ್ಟ್ ವರದಿ, ನಮೂನೆ 8, ಒಂದಷ್ಟು ಕಾಯುವಿಕೆ. ಆದರೆ ಅದಕ್ಕೆ ಗುರುತಿನ ಚೀಟಿ ಕೇಳಿದಾಗ ಎದೆ ಧಸಕ್ಕೆಂದಿತು. ಪುಣ್ಯಕ್ಕೆ ಮೂಲ ಆಧಾರ್ ಮನೆಯಲ್ಲೇ ಬಿಟ್ಟಿದ್ದೆ. ಅದನ್ನೂ ಲಕೋಟೆಗೆ ಹಾಕಿದ್ದರೆ? ಕಳೆದ ಒಂದು ಕಾಗದ ಮತ್ತೆ ಮಾಡಿಸಲು ಇನ್ನೊಂದು ಕಾಗದ ಕೈಯಲ್ಲಿರಬೇಕು. ಎಲ್ಲವನ್ನೂ ಒಂದೇ ಲಕೋಟೆಯಲ್ಲಿ ಕಳಿಸಿದರೆ ನಾನು ಯಾರು ಅಂತ ಹೇಳಿಕೊಳ್ಳಲೂ ಏನೂ ಉಳಿಯಲ್ಲ. ಇದನ್ನು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಹೆಂಡತಿಗೆ ಕೇಳಿ ಕೇಳಿ ಸಾಕಾಗಿದೆ.

ತಮಾಷೆ ಅಂದರೆ, 'ಮೂಲ ದಾಖಲೆಗಳೊಂದಿಗೆ' ಅಂದರೆ ಅಂಚೆಯಲ್ಲಿ ಕಳಿಸಿ ಅಂತ ಅಲ್ಲವಂತೆ. ಮೇಡಂ ಹೇಳಿದರು, "ಸಾರ್, ತಂದು ತೋರಿಸಿದ್ದರೆ ನಾವೇ ನೋಡಿ ವಾಪಸ್ ಕೊಡ್ತಿದ್ವಿ. ನಮಗೆ ನಕಲು ಸಾಕು." ಪತ್ರದಲ್ಲಿ ಹಾಗೆ ಬರೆಯಬಾರದಿತ್ತಾ ಅಂತ ಬಾಯಿ ತುದಿಗೆ ಬಂದಿತ್ತು, ನುಂಗಿಕೊಂಡೆ. ಕೆಲಸ ಇನ್ನೂ ಅವರ ಕೈಯಲ್ಲೇ ಇತ್ತಲ್ಲ.

ಈಗ ನನ್ನ ದಾರಿ ಬೇರೆ. ಯಾವ ಪತ್ರ ಬಂದರೂ ಮೊದಲು ಫೋನ್ ಮಾಡಿ ಕೇಳುತ್ತೇನೆ: ಮೂಲ ನಿಮಗೇ ಬೇಕಾ, ತೋರಿಸಿದರೆ ಸಾಕಾ? ನನಗೆ ಸಿಕ್ಕ ಉತ್ತರ ಹೆಚ್ಚಾಗಿ ಎರಡನೆಯದೇ. ಆಗ ಖುದ್ದು ಹೋಗಿ, ನಕಲಿನ ಮೇಲೆ 'ಮೂಲದೊಂದಿಗೆ ಪರಿಶೀಲಿಸಿದೆ' ಅಂತ ಬರೆಸಿ, ಸೀಲು ಹಾಕಿಸಿ, ಮೂಲವನ್ನು ಅದೇ ಕೈಯಲ್ಲಿ ವಾಪಸ್ ತರುತ್ತೇನೆ. ರೈಲಿನ ಟಿಕೆಟ್ ಹೋದರೆ ಹೋಗಲಿ. ಹೊಸ ಅಂಕಪಟ್ಟಿ, ಡ್ರೈವಿಂಗ್ ಲೈಸೆನ್ಸ್ ಥರದವಾದರೆ ಡಿಜಿಲಾಕರ್ ಇದೆ, ಅದರಲ್ಲಿ ಇಲಾಖೆಯೇ ಕೊಟ್ಟ ಪ್ರತಿ ಕಾನೂನಿನ ಪ್ರಕಾರ ಮೂಲಕ್ಕೆ ಸಮ. ಅಮ್ಮನ ಕಾಲದ ಟಿ.ಸಿ.ಗೆ ಡಿಜಿಲಾಕರ್ ಎಲ್ಲಿಂದ ಬರಬೇಕು, ಹೇಳಿ.

ಕಳಿಸಲೇಬೇಕು ಅಂತ ಬಂದರೆ, ಪತ್ರದಲ್ಲೇ ಲಗತ್ತುಗಳ ಪಟ್ಟಿ. ಪ್ರತಿಯೊಂದರ ಮುಂದೆ ಮೂಲ ಅಥವಾ ನಕಲು, ಅದರ ನಂಬರ್, ಎಷ್ಟು ಹಾಳೆ. ಪ್ರತಿ ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಸಣ್ಣದಾಗಿ ಫೈಲು ನಂಬರ್. ಬಿಡಿಯಾಗಿ ಬಿದ್ದರೂ ಯಾವ ಮನೆಯ ಮಗು ಅಂತ ಗೊತ್ತಾಗಲಿ. ಮೂಲ ದಾಖಲೆಗೆ ಸ್ಟೇಪ್ಲರ್ ಹೊಡೆಯಲ್ಲ, ಪಟ್ಟಿ ಅಂಟಿಸಿದ ಕವರಿನಲ್ಲಿ ಇಡುತ್ತೇನೆ. ನಕಲುಗಳ ಮೇಲೆ ಅಡ್ಡಲಾಗಿ ಯಾವ ಕೆಲಸಕ್ಕೆ, ಯಾವ ತಾರೀಕು ಅಂತ ಬರೆಯುತ್ತೇನೆ. ವಿಳಾಸದಲ್ಲಿ ಬರೀ ಅಧಿಕಾರಿಯ ಹುದ್ದೆ ಸಾಲದು, ಶಾಖೆಯ ಹೆಸರೂ ಬೇಕು. ತಲುಪಿದ ಮಾರನೇ ದಿನವೇ ಫೋನ್. ಎರಡು ತಿಂಗಳು ಕಾದರೆ ಕಾಗದ ಯಾವ ಕಟ್ಟಿನ ತಳದಲ್ಲಿದೆಯೋ ದೇವರಿಗೇ ಗೊತ್ತು.

ರಿಜಿಸ್ಟರ್ಡ್ ಪೋಸ್ಟ್ ಈಗ ಹಳೆಯ ರೂಪದಲ್ಲಿ ಇಲ್ಲ. 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. 5 ರೂಪಾಯಿ ಮತ್ತು ಜಿ.ಎಸ್.ಟಿ. ಜಾಸ್ತಿ ಕೊಟ್ಟರೆ ಸ್ಪೀಡ್ ಪೋಸ್ಟಿಗೇ ರಿಜಿಸ್ಟ್ರೇಷನ್ ಸೇರಿಸುತ್ತಾರೆ. ಒ.ಟಿ.ಪಿ. ಹೇಳಿದರೆ ಮಾತ್ರ ಕೊಡುವ ವ್ಯವಸ್ಥೆಯೂ ಇದೆ. ಮನೆಗೆ ಕಳಿಸುವುದಕ್ಕೆ ಚೆನ್ನ. ಸರ್ಕಾರಿ ಕಚೇರಿಗೆ ಯಾರ ಮೊಬೈಲ್ ನಂಬರ್ ಬರೆಯೋದು? ಪರಿಹಾರದ ಆಸೆಯನ್ನೂ ಇಟ್ಟುಕೊಳ್ಳಬೇಡಿ. ಸ್ಪೀಡ್ ಪೋಸ್ಟ್ ಕಳೆದರೆ ಕೊಟ್ಟ ಶುಲ್ಕದ ಎರಡರಷ್ಟು ಅಥವಾ 1000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು ಎಂಬುದು ನಾನು ಓದಿದ ನಿಯಮ. ಒಳಗಿದ್ದ ಕಾಗದದ ಬೆಲೆ ಆ ಲೆಕ್ಕಕ್ಕೆ ಬರುವುದೇ ಇಲ್ಲ.

ಅಮ್ಮನ ಪಿಂಚಣಿ ಕೊನೆಗೆ ಆಯಿತು. ಲಗ್ನಪತ್ರಿಕೆಯ ಜಾಗದಲ್ಲಿ ಒಂದು ಅಫಿಡವಿಟ್, ಜೊತೆಗೆ ನನ್ನ ಫೋನಿನಲ್ಲಿದ್ದ ಪತ್ರಿಕೆಯ ಫೋಟೋದ ಪ್ರಿಂಟು. ಕಳಿಸುವ ಮುಂಚೆ ಫೋಟೋ ತೆಗೆದಿದ್ದೆ, ಸದ್ಯ. ಆದರೆ ಮುಂಭಾಗ ಮಾತ್ರ. ಹಿಂದೆ ನಮ್ಮ ತಾತ ಪೆನ್ಸಿಲಿನಲ್ಲಿ ಮುಯ್ಯಿ ಲೆಕ್ಕ ಬರೆದಿದ್ದರು, ಯಾರು ಎರಡು ರೂಪಾಯಿ, ಯಾರು ಹಿತ್ತಾಳೆ ಚೊಂಬು ಅಂತ. ಕಚೇರಿಗೆ ಅದು ಬೇಡ ಅಂತ ಬಿಟ್ಟಿದ್ದೆ.

ಹೋದ ಯುಗಾದಿಗೆ ಅಮ್ಮನನ್ನು ಕೂರಿಸಿ ನೆನಪಿದ್ದಷ್ಟು ಹೇಳು ಅಂದೆ. ಅವಳು ಹೇಳಿದಳು, ನಾನು ಬರೆದುಕೊಂಡೆ. ಹನ್ನೊಂದು ಹೆಸರಿಗೆ ನಿಂತಿತು. ಚೊಂಬು ಕೊಟ್ಟವರು ಬಾಣಾವರದವರೋ ಕಡೂರಿನವರೋ ಅಂತ ಇನ್ನೂ ತೀರ್ಮಾನ ಆಗಿಲ್ಲ.