ಕ್ಯಾಮೆರಾಗೆ ಸಿಗದ ಹಿತ್ತಾಳೆ ತೂಕದ ಕಾಟಾಗೆ ಸಿಕ್ಕಿತು: ನನ್ನ ಅನುಭವ

ಲೇತಿನಲ್ಲಿ ಹಿತ್ತಾಳೆ ಕಡೆಯುವ (ಟರ್ನಿಂಗ್) ನನ್ನ ಶೆಡ್ಡಿನಿಂದ ಮಾಯವಾಗುತ್ತಿದ್ದ ಮಾಲು ಹಿಡಿಯೋಕೆ ಎಲ್ಲವನ್ನೂ ತೂಗತೊಡಗಿದಾಗ, ಬೆಂಗಳೂರಿನ ಪೀಣ್ಯ ಎರಡನೇ ಹಂತದ ನಮ್ಮ ರಸ್ತೆಯಲ್ಲಿ ಎಲ್ಲರೂ ನಕ್ಕಿದ್ದರು. "ಏನ್ ಸ್ವಾಮಿ, ಟರ್ನಿಂಗ್ ಬಿಟ್ಟು ದಿನಸಿ ಅಂಗಡಿ ಇಟ್ರಾ? ಬೆಳಗಾದ್ರೆ ತೂಗ್ತಾ ಕೂತಿರ್ತೀರ!" ಹೀಗೆ ಕೇಳಿದವರಲ್ಲೇ ಇಬ್ಬರು ಮೊನ್ನೆ ಬಂದು ನನ್ನ ರಿಜಿಸ್ಟರಿನ ಹಾಳೆ ಫೋಟೋ ಹೊಡೆದುಕೊಂಡು ಹೋದರು. ಮೂರನೆಯವರು ಕೇಳೋ ಮೊದಲು ಬರೆದೇಬಿಡೋಣ ಅಂತ ಕೂತಿದ್ದೇನೆ.

ನಮ್ಮದು ಚಿಕ್ಕ ಶೆಡ್ಡು. ಮೂರು ಟ್ರಾಬ್ (ರಾಡು ಕಡೆಯುವ ಆಟೋಮ್ಯಾಟಿಕ್ ಲೇತು), ಎರಡು ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ, ಎಂಟೊಂಬತ್ತು ಜನ. ಮಾಡೋದು ಕೇಬಲ್ ಗ್ಲಾಂಡು (ಕರೆಂಟ್ ಕೇಬಲ್ಲನ್ನು ಬಿಗಿಯಾಗಿ ಹಿಡಿಯೋ ಭಾಗ), ನಿಪ್ಪಲ್ಲು, ಬುಷ್ಷು. ತಿಂಗಳಿಗೆ ಒಂದು ಟನ್, ಒಂದು ಕಾಲು ಟನ್ ಹಿತ್ತಾಳೆ ರಾಡು ಒಳಗೆ ಬರುತ್ತೆ. ಗ್ಲಾಂಡಿನಂಥ ಟೊಳ್ಳು ಮಾಲು ಮಾಡಿದರೆ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬೋರಿಂಗ್ (ಕಡೆದಾಗ ಉದುರೋ ಚೂರು) ಆಗಿ ಡ್ರಮ್ಮಿಗೆ ಬೀಳುತ್ತೆ. ರಾಡು ಕೆ.ಜಿ.ಗೆ ಆರುನೂರರ ಆಸುಪಾಸು, ಬೋರಿಂಗ್ ನಾನೂರೈವತ್ತರ ಆಸುಪಾಸು ಇದ್ದ ಕಾಲ ಅದು. ವರ್ಷದ ಲೆಕ್ಕ ಹಾಕುವಾಗ ಆಡಿಟರ್ ಕೇಳಿದರು, "ಬಂದ ಮಾಲಿಗೂ ಹೋದ ಮಾಲಿಗೂ ನಾಲ್ಕೂವರೆ ಪರ್ಸೆಂಟ್ ಕಮ್ಮಿ ಬರ್ತಿದೆಯಲ್ಲ?" ಅಂದರೆ ತಿಂಗಳಿಗೆ ಐವತ್ತು ಕೆ.ಜಿ.ಗಿಂತ ಮೇಲೆ. ಇಪ್ಪತ್ತು, ಇಪ್ಪತ್ತೈದು ಸಾವಿರ ರೂಪಾಯಿ. ಒಬ್ಬ ಒಳ್ಳೆ ಆಪರೇಟರಿನ ಸಂಬಳ ನೆಲಕ್ಕೆ ಇಂಗುತ್ತಿತ್ತು.

ಎಲ್ಲರೂ ಮೊದಲು ಹೇಳೋದು ಕ್ಯಾಮೆರಾ. ಎಸ್.ಪಿ. ರೋಡಿನಿಂದ ಆರು ಕ್ಯಾಮೆರಾ, ಡಿವಿಆರು, ವೈರು ತಂದು ಹಾಕಿಸಿದೆ. ಹದಿನೆಂಟು ಸಾವಿರದ ಹತ್ತಿರ ಆಯಿತು. ಮೂರು ವಾರಕ್ಕೆ ಲೆನ್ಸಿನ ಮೇಲೆ ಆಯಿಲ್ ಮಿಸ್ಟ್ (ಗಾಳಿಯಲ್ಲಿ ಹಾರೋ ಎಣ್ಣೆ ಹನಿ) ಕೂತು, ಪರದೆಯಲ್ಲಿ ಮನುಷ್ಯ ಯಾರು, ಮಷೀನ್ ಯಾವುದು ಅಂತ ಗೊತ್ತಾಗದ ಹಾಗಾಯಿತು. ಒರೆಸಿದರೂ ಕಂಡಿದ್ದು ಏನು? ಡ್ರಮ್ಮು ಹೊರುವವರು ಡ್ರಮ್ಮು ಹೊರುತ್ತಿದ್ದರು, ಊಟ ಮಾಡುವವರು ಊಟ ಮಾಡುತ್ತಿದ್ದರು. ಆಮೇಲೆ ಗೇಟಿನಲ್ಲಿ ಬ್ಯಾಗು, ಟಿಫನ್ ಡಬ್ಬಿ ಚೆಕ್ ಮಾಡಿಸಿದೆ. ಏನೂ ಸಿಗಲಿಲ್ಲ. ಬದಲಿಗೆ ಟ್ರಾಬಿನ ಕ್ಯಾಮ್ ಸೆಟ್ಟಿಂಗ್ (ಉಳಿಗಳ ಓಡಾಟ ಹೊಂದಿಸೋ ಕೆಲಸ) ಚೆನ್ನಾಗಿ ಬರುತ್ತಿದ್ದ ಲಗ್ಗೆರೆಯ ಹುಡುಗ "ನಮ್ಮನ್ನ ಕಳ್ಳರ ಥರ ನೋಡ್ತೀರ" ಅಂತ ಹಿಂದಿನ ರಸ್ತೆಯ ಶೆಡ್ಡಿಗೆ ಹೋದ. ಅವನ ಜಾಗಕ್ಕೆ ಬಂದವನು ಕೆಡಿಸಿದ ಪೀಸುಗಳ ರಿಜೆಕ್ಷನ್ನೇ ಕ್ಯಾಮೆರಾ ಖರ್ಚನ್ನು ದಾಟಿತು.

ಆಗ ಹೊಳೆದದ್ದು ಇಷ್ಟು: ಕಳ್ಳನನ್ನು ಹುಡುಕೋದು ಬಿಡು, ಹಿತ್ತಾಳೆಯನ್ನು ಹುಡುಕು. ಒಳಗೆ ಬಂದ ರಾಡು ಒಂದು ಕಡೆ. ಇನ್ನೊಂದು ಕಡೆ ಒಳ್ಳೆ ಪೀಸು, ರಿಜೆಕ್ಷನ್, ಬೋರಿಂಗ್, ರಾಡಿನ ಕೊನೆ ತುಂಡು. ಎರಡೂ ಸರಿಹೋಗಬೇಕು. ತಿಂಗಳಿಗೊಮ್ಮೆ ನೋಡಿದರೆ ಪ್ರಯೋಜನವಿಲ್ಲ, ಶಿಫ್ಟಿಗೊಮ್ಮೆ, ಮಷೀನಿಗೊಮ್ಮೆ ನೋಡಬೇಕು.

ಮೊದಲ ಸಲ ರಾಡು ಎಣಿಸಿ, ಫಾರ್ಮುಲಾ ಹಾಕಿ ತೂಕ ಬರೆದೆವು. 20 ಎಂಎಂ ರೌಂಡು ಮೀಟರಿಗೆ 2.65 ಕೆ.ಜಿ. ಚಿಲ್ಲರೆ, ಮೂರು ಮೀಟರಿಗೆ ಎಂಟು ಕೆ.ಜಿ. ಪುಸ್ತಕದಲ್ಲಿ ಸರಿ. ಆದರೆ ರಾಡು ಹತ್ತನೇ ಒಂದು ಎಂಎಂ ತೆಳ್ಳಗೆ ಬಂದರೆ ತೂಕದಲ್ಲಿ ಒಂದು ಪರ್ಸೆಂಟ್ ಹೋಯಿತು. ನಮ್ಮ ಲೆಕ್ಕದಲ್ಲಿ ಅದೇ ಹನ್ನೆರಡು ಕೆ.ಜಿ.! ಆದ್ದರಿಂದ ಎಣಿಸೋದು ನಿಲ್ಲಿಸಿ, ಬಂದ ಬಂಡಲನ್ನೇ ಕಾಟಾಗೆ ಹಾಕಿದೆವು. 300 ಕೆ.ಜಿ. ಪ್ಲಾಟ್‌ಫಾರ್ಮ್ ಕಾಟಾ ಒಂದು, ಪೀಸು ತೂಗೋದಕ್ಕೆ 30 ಕೆ.ಜಿ.ಯ ಸಣ್ಣದೊಂದು. ಎರಡಕ್ಕೂ ಸೇರಿ ಹದಿನೆಂಟು, ಇಪ್ಪತ್ತು ಸಾವಿರ. ತೂಕ ಮಾಪನ ಇಲಾಖೆಯ ಮುದ್ರೆ ವರ್ಷಕ್ಕೊಮ್ಮೆ ಹಾಕಿಸಬೇಕು, ಮರೀಬೇಡಿ. ಗುಜರಿಯವನ ಜೊತೆ ಜಗಳ ಬಂದಾಗ ಆ ಮುದ್ರೆಗೇ ಬೆಲೆ.

ಎರಡನೇ ತಲೆನೋವು ಎಣ್ಣೆ. ಟ್ರಾಬಿನಿಂದ ಆಗಷ್ಟೇ ಬಿದ್ದ ಬೋರಿಂಗ್ ನೆನೆದ ಬೆಲ್ಲದ ಥರ, ಐದರಿಂದ ಎಂಟು ಪರ್ಸೆಂಟ್ ತೂಕ ಕಟಿಂಗ್ ಆಯಿಲ್‌ದೇ. ರಾತ್ರಿ ಪಾಳಿಯದ್ದು ಹಸಿಯಾಗಿ ತೂಗಿದರೆ ಬಂದದ್ದಕ್ಕಿಂತ ಜಾಸ್ತಿ, ಹಗಲಿನದ್ದು ಸೋರಿದ ಮೇಲೆ ತೂಗಿದರೆ ಕಮ್ಮಿ. ಹುಡುಕುತ್ತಿರೋದು ನಾಲ್ಕು ಪರ್ಸೆಂಟು, ಎಣ್ಣೆಯ ಆಟವೇ ಎಂಟು! ಎರಡು ತಿಂಗಳು ರಿಜಿಸ್ಟರ್ ತುಂಬಿಸಿದ್ದು ದಂಡ. "ನಾನು ಹೇಳಿರಲಿಲ್ವಾ" ಅಂತ ಪಕ್ಕದ ಶೆಡ್ಡಿನವರು ಟೀ ಕುಡಿಯುವಾಗೆಲ್ಲ ಶುರು ಮಾಡಿದ್ದು ಆಗಲೇ.

ಗುಜರಿಯಲ್ಲಿ ಒಂದು ಹಳೇ ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮಷೀನ್ ಸಿಕ್ಕಿತು, ಸಾವಿರದೈನೂರಕ್ಕೆ. ಅದರ ಸ್ಪಿನ್ನರಿಗೆ ಜಾಲರಿ ಹೊಲಿಸಿ, ಮೂರ್ನಾಲ್ಕು ಕೆ.ಜಿ. ಬೋರಿಂಗ್ ಹಾಕಿ ತಿರುಗಿಸಿದೆ. ಮೊದಲ ದಿನ ಅದು ಶೆಡ್ಡಿನ ತುಂಬಾ ಕುಣಿದಾಡಿತು, ಹುಡುಗರಿಗೆ ಒಳ್ಳೆ ಮನರಂಜನೆ. ಸುತ್ತಲೂ ಸಮನಾಗಿ ತುಂಬಿದರೆ ಸುಮ್ಮನಿರುತ್ತೆ. ಇಪ್ಪತ್ತು ಕೆ.ಜಿ.ಗೆ ಹತ್ತಿರ ಹತ್ತಿರ ಒಂದು ಲೀಟರ್ ಎಣ್ಣೆ ವಾಪಸ್ ಬಂತು. ಅದನ್ನು ಬಟ್ಟೆಯಲ್ಲಿ ಸೋಸಿ ಮತ್ತೆ ಮಷೀನಿಗೇ ಬಿಟ್ಟೆ. ತಿಂಗಳಿಗೆ ಮೂವತ್ತು ಲೀಟರ್ ಅಂತಿಟ್ಟುಕೊಳ್ಳಿ, ನಾಲ್ಕೈದು ಸಾವಿರ ಉಳಿತಾಯ. ಕಳ್ಳ ಸಿಗದೇ ಹೋಗಿದ್ದರೂ ಇದೊಂದಕ್ಕೇ ನನ್ನ ಕಾಟಾ ದುಡ್ಡು ವಸೂಲಾಗಿತ್ತು. ಮೋಟರು ಕೆಲವು ತಿಂಗಳಿಗೆ ಸುಟ್ಟಿತು. ಆಮೇಲೆ ಫ್ಯಾಬ್ರಿಕೇಟರ್ ಹತ್ತಿರ ಗಟ್ಟಿಯಾದದ್ದು ಮಾಡಿಸಿದೆ, ಇಪ್ಪತ್ತೆರಡು ಸಾವಿರ.

ಒಣ ತೂಕ ಶುರುವಾದ ಮೇಲೆ ಅಂಕಿ ಮಾತಾಡತೊಡಗಿತು. ಮೊದಲು ಮಷೀನುಗಳ ಎಣ್ಣೆ ಸಂಪು (ತೊಟ್ಟಿ) ಪೂರ್ತಿ ಖಾಲಿ ಮಾಡಿಸಿದೆ. ತಳದ ಕೆಸರಿನಲ್ಲಿ, ಮಷೀನಿನ ಕೆಳಗೆ, ಚಪ್ಪಲಿ ಅಟ್ಟೆಯಲ್ಲಿ ಹೋಗುತ್ತಿದ್ದ ಪುಡಿ ತಿಂಗಳಿಗೆ ಹದಿನೈದು ಕೆ.ಜಿ. ಬರುತ್ತೆ. ಇದು ಕಳ್ಳತನವೇ ಅಲ್ಲ. ಇನ್ನು ಮೂವತ್ತೈದು, ನಲವತ್ತು ಕೆ.ಜಿ. ಉಳಿಯಿತು.

ದೊಡ್ಡ ತೂತು ಸಿಕ್ಕಿದ್ದು ಡ್ರಮ್ಮಿನಲ್ಲಿ. 200 ಲೀಟರಿನ ಡ್ರಮ್ಮನ್ನು ಅರ್ಧ ಕತ್ತರಿಸಿ ಬೋರಿಂಗ್ ತುಂಬುತ್ತೇವೆ. ಹೊರಗೆ ಬಿಳಿ ಪೇಂಟಿನಲ್ಲಿ ಖಾಲಿ ತೂಕ ಬರೆದಿತ್ತು, 12 ಅಂತ. ಮಾರುವಾಗ ತುಂಬಿದ ತೂಕದಲ್ಲಿ ಅಷ್ಟನ್ನು ಕಳೆಯುತ್ತಿದ್ದೆವು. ಶಿಫ್ಟಿನ ತೂಕಕ್ಕೆ ಬಕೆಟ್ ಬಳಸುತ್ತಿದ್ದರಿಂದ ಯಾರೂ ಡ್ರಮ್ಮಿನ ಕಡೆ ನೋಡಿರಲಿಲ್ಲ. ಶಿಫ್ಟುಗಳ ಬೋರಿಂಗ್ ಕೂಡಿಸಿದರೆ ಒಂದು ಬರುತ್ತೆ, ಗುಜರಿಯವನ ಚೀಟಿಯಲ್ಲಿ ಇನ್ನೊಂದು. ಒಂದು ಭಾನುವಾರ ಯಾರೂ ಇಲ್ಲದಾಗ ಖಾಲಿ ಡ್ರಮ್ಮುಗಳನ್ನೆಲ್ಲ ಕಾಟಾಗೆ ಏರಿಸಿದೆ. ಒಂಬತ್ತೂವರೆ, ಒಂಬತ್ತೂವರೆ, ಒಂಬತ್ತು ಮುಕ್ಕಾಲು. ಡ್ರಮ್ಮಿಗೆ ಎರಡೂವರೆ ಕೆ.ಜಿ. ಹಿತ್ತಾಳೆ ಪೇಂಟಿನ ಹಿಂದೆ ಅಡಗಿತ್ತು! ತಿಂಗಳಿಗೆ ಹತ್ತು ಡ್ರಮ್ಮು ಹೋದರೆ ಇಪ್ಪತ್ತೈದು ಕೆ.ಜಿ. ನನ್ನ ಕಣ್ಣೆದುರೇ, ನನ್ನದೇ ಕಾಟಾ ಮೇಲೆ, ನನ್ನದೇ ಸಹಿ ಬಿದ್ದು ಹೊರಗೆ ಹೋಗುತ್ತಿತ್ತು. ಆರಲ್ಲ, ಅರವತ್ತು ಕ್ಯಾಮೆರಾ ಹಾಕಿದ್ದರೂ ಇದು ಕಾಣುತ್ತಿರಲಿಲ್ಲ.

ಸುಮ್ಮನಿದ್ದೆ. ಡ್ರಮ್ಮಿಗೆ ಹೊಸ ನಂಬರು ಹೊಡೆಸಿ, ಪ್ರತಿ ಸಲ ಮೊದಲು ಖಾಲಿ, ಆಮೇಲೆ ತುಂಬಿದ್ದು ತೂಗಬೇಕು ಅಂದೆ, ಅಷ್ಟೆ. ಮುಂದಿನ ಲೋಡಿನ ದಿನ ಗುಜರಿಯವನ ಮುಖ ನೋಡಬೇಕಿತ್ತು.

ಉಳಿದ ಹತ್ತು ಹನ್ನೆರಡು ಕೆ.ಜಿ. ಕಳ್ಳ ಇದಕ್ಕಿಂತ ಚುರುಕು. ರಾತ್ರಿ ಪಾಳಿಯ ಒಂದು ಮಷೀನಿನ ಲೆಕ್ಕ ಇದ್ದಕ್ಕಿದ್ದಂತೆ ಗ್ರಾಮಿಗೆ ಗ್ರಾಮ್ ಸರಿಬರಲು ಶುರುವಾಯಿತು. ಅಲ್ಲೇ ಅನುಮಾನ ಬಂತು. ಪ್ರಾಮಾಣಿಕ ಮಷೀನ್ ಯಾವತ್ತೂ ಅರ್ಧ, ಮುಕ್ಕಾಲು ಪರ್ಸೆಂಟ್ ತಿನ್ನುತ್ತೆ. ಆ ಮಷೀನಿನ ಬೋರಿಂಗ್ ಬಕೆಟ್ಟಿಗೆ ಹಳೇ ಸ್ಪೀಕರಿನ ಆಯಸ್ಕಾಂತ ಇಳಿಬಿಟ್ಟರೆ ಮುಷ್ಟಿ ಮುಷ್ಟಿ ಎಂಎಸ್ (ಕಬ್ಬಿಣದ) ಚಿಪ್ಸ್ ಹತ್ತಿಬಂತು. ಪಕ್ಕದ ಸಿಎನ್‌ಸಿಯ ಕಬ್ಬಿಣದ ಚೂರು ಸೇರಿಸಿ ತೂಕ ಸರಿಮಾಡಿ, ಅಷ್ಟೇ ತೂಕದ ಹಿತ್ತಾಳೆ ತುಂಡು ಹೊರಗೆ. ಮೂವತ್ತು ರೂಪಾಯಿ ಮಾಲು ಕೊಟ್ಟು ನಾನೂರೈವತ್ತರದ್ದು ತಗೊಂಡ ಹಾಗೆ. ಈಗ ಪ್ರತಿ ಬಕೆಟ್ಟಿಗೂ ಆಯಸ್ಕಾಂತ. ಕೊನೆ ತುಂಡುಗಳಿಗೆ ನಾನೊಂದು ಗುರುತು ಹಾಕುತ್ತೇನೆ, ಅದು ಗೋರಿಪಾಳ್ಯದ ಗುಜರಿ ರಾಶಿಯಲ್ಲೂ ನನ್ನ ಕಣ್ಣಿಗೆ ಬೀಳುತ್ತೆ. ಗುರುತು ಏನು ಅಂತ ಕೇಳಬೇಡಿ, ಓದುವವರಲ್ಲಿ ಎಲ್ಲಾ ಥರದವರೂ ಇರ್ತಾರೆ.

ಪೊಲೀಸ್ ಕಂಪ್ಲೇಂಟ್ ಕೊಡಲಿಲ್ಲ. ಕೆಲಸಗಾರ ಮಾಲೀಕನ ಮಾಲು ಕದ್ದರೆ ಮೊದಲು ಭಾರತೀಯ ದಂಡ ಸಂಹಿತೆ (ಐಪಿಸಿ) ಸೆಕ್ಷನ್ 381, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್ 306, ಏಳು ವರ್ಷದವರೆಗೂ ಜೈಲು. ಹೇಳೋಕೆ ಚೆನ್ನಾಗಿದೆ. ವಕೀಲರು ಕೇಳಿದ್ದು ಒಂದೇ: "ಯಾರ ಕೈಯಲ್ಲಿ ಮಾಲು ಸಿಕ್ತು?" ರಿಜಿಸ್ಟರು ಯಾವ ಶಿಫ್ಟು, ಯಾವ ಮಷೀನು ಅಂತ ಹೇಳುತ್ತೆ, ಹೆಸರು ಹೇಳಲ್ಲ. ಸಂಬಳದಲ್ಲಿ ಹಿಡಿದುಕೊಳ್ಳೋಣ ಅಂದರೆ ಅದಕ್ಕೂ ಮೊದಲು ಅವನ ವಿವರಣೆ ಕೇಳಬೇಕು, ಇಲ್ಲದಿದ್ದರೆ ಉಲ್ಟಾ ನಮ್ಮ ಮೇಲೇ ಬರುತ್ತೆ. ನಾನು ಮಾಡಿದ್ದು ಇಷ್ಟೇ: ದಿನದ ಅಂಕಿಯನ್ನು ದೇವರ ಫೋಟೋ ಪಕ್ಕದ ಬೋರ್ಡಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಬರೆಯತೊಡಗಿದೆ. ಸ್ಟೋರ್ ನೋಡಿಕೊಳ್ಳುತ್ತಿದ್ದವನು "ಊರಲ್ಲಿ ಜಮೀನು ಕೆಲಸ" ಅಂತ ತಾನಾಗೇ ಬಿಟ್ಟ. ರಾತ್ರಿಯವನು ಇನ್ನೂ ಇದ್ದಾನೆ, ಈಗ ಹಗಲು ಪಾಳಿ, ಕೆಲಸ ಚೆನ್ನಾಗಿ ಮಾಡ್ತಾನೆ. ಗುಜರಿಯವನನ್ನು ಬದಲಿಸಿದೆ. ಈಗ ಜಿಎಸ್‌ಟಿ ಬಿಲ್ಲಿನ ಮೇಲೆ ಮಾತ್ರ ವ್ಯಾಪಾರ. 2024ರ ಅಕ್ಟೋಬರಿನಿಂದ ಲೋಹದ ಗುಜರಿಗೆ ಎರಡು ಪರ್ಸೆಂಟ್ ಟಿಡಿಎಸ್ (ಕೊಳ್ಳುವವನೇ ಹಿಡಿದು ಕಟ್ಟೋ ತೆರಿಗೆ) ಬಂದಮೇಲೆ ಅವನ ಬಿಲ್ಲಿನ ಮೊತ್ತ ಪೋರ್ಟಲಿನಲ್ಲೂ ಲೆಕ್ಕಕ್ಕೆ ಬೀಳುತ್ತೆ, ಆಟ ಕಷ್ಟ.

ಕಸ ಗುಡಿಸಿದ್ದರ, ಸಂಪಿನ ಕೆಸರಿನ ದುಡ್ಡು ಪೂರ್ತಿ ಹುಡುಗರಿಗೇ ಬಿಟ್ಟೆ. ಆಯುಧಪೂಜೆಗೆ ಬೋನಸ್ಸಿನ ಮೇಲೆ ಅದೂ ಸೇರುತ್ತೆ. ಪಕ್ಕದವರು ಇದಕ್ಕೂ ನಕ್ಕರು. ಆದರೆ ಈಗ ಚಿಪ್ಸ್ ಚೆಲ್ಲಿದರೆ ಬೈಯೋಕೆ ನಾನು ಬೇಕಾಗಿಲ್ಲ. ಕೊರತೆ ಒಂದು ಪರ್ಸೆಂಟಿನ ಒಳಗೆ ನಿಂತಿದೆ, ಕೆಲವು ತಿಂಗಳು ಅದಕ್ಕೂ ಕಮ್ಮಿ.

ಸದ್ಯಕ್ಕೆ ಕಾರ್ಬೈಡ್ ಇನ್ಸರ್ಟುಗಳ (ಲೋಹ ಕತ್ತರಿಸೋ ಪುಟ್ಟ ಉಳಿ ತುಂಡು) ಹಿಂದೆ ಬಿದ್ದಿದ್ದೇನೆ. ಸವೆದ ಇನ್ಸರ್ಟಿನ ಗುಜರಿ ರೇಟು ಹಿತ್ತಾಳೆಗಿಂತ ಎಷ್ಟೋ ಮೇಲೆ, ಜೇಬಿನ ಮೂಲೆಯಲ್ಲಿ ಒಂದು ಡಬ್ಬಿ ಹಿಡಿಯುತ್ತೆ. ಹಳೇದು ಕೊಟ್ಟರೆ ಮಾತ್ರ ಹೊಸದು ಅನ್ನೋ ಪದ್ಧತಿ ಶುರುಮಾಡಿದ್ದೇನೆ. ಮೊದಲ ವಾರದಿಂದಲೇ, ನಾಲ್ಕು ಅಂಚೂ ಸವೆಯುವ ಮೊದಲೇ ಇನ್ಸರ್ಟುಗಳು "ಹಳೇದು" ಅಂತ ವಾಪಸ್ ಬರುತ್ತಿವೆ. ಅದಕ್ಕೊಂದು ಭೂತಗನ್ನಡಿ ತಂದಿದ್ದೇನೆ.